ಒಂದು ಬುಡಕ್ಕೆ ಮಾಡಿ ನೋಡಿ

ಉಪಾಯಗಳಿಗೆ ನಮ್ಮ ಊರಿನಲ್ಲಿ ಎಂದೂ ಬರಗಾಲ ಬಂದದ್ದಿಲ್ಲ. ಮಳೆ ತಡವಾಗಬಹುದು, ಅಡಿಕೆಯ ಧಾರಣೆ ಇಳಿಯಬಹುದು, ಎಪ್ರಿಲ್ ತಿಂಗಳಿನಲ್ಲಿ ಬಾವಿ ತಳ ತೋರಿಸಬಹುದು. ಆದರೆ ಜಗಲಿಗೆ ಬಂದು ಕುಳಿತವರು ಬೆಲ್ಲ ನೀರು ಕುಡಿದು ಏಳುವ ಮೊದಲು ಒಂದು ಉಪಾಯವನ್ನಾದರೂ ಹೇಳದೆ ಹೋಗುವುದಿಲ್ಲ. ಬಸಳೆಗೆ ಅಕ್ಕಿ ತೊಳೆದ ನೀರು, ತೆಂಗಿಗೆ ಉಪ್ಪು, ಮಲ್ಲಿಗೆಗೆ ಮೊಟ್ಟೆಯ ಸಿಪ್ಪೆ, ಹಾಗಲದ ಚಪ್ಪರಕ್ಕೆ ತುಳಸಿ, ಇರುವೆಯ ಸಾಲಿಗೆ ಅರಸಿನ. ಇವೆಲ್ಲ ಹಿಂದೆ ನೆಂಟರ ಬಾಯಿಯಿಂದ ಬರುತ್ತಿದ್ದವು. ಈಗ ಅಂಗೈಯಲ್ಲಿರುವ ಮೊಬೈಲಿನಿಂದ ದಿನಕ್ಕೆ ಹತ್ತರಂತೆ ಬರುತ್ತವೆ. ನೆಂಟರಿಗಾದರೆ ಮುಂದಿನ ವರ್ಷ ಸಿಕ್ಕಿದಾಗ, ‘ನೀವು ಹೇಳಿದ್ದು ಫಲಿಸಲಿಲ್ಲ’ ಎನ್ನಬಹುದಿತ್ತು. ಮೊಬೈಲಿನ ಉಪಾಯಗಾರರು ನಮ್ಮ ಜಗಲಿಗೆ ಮರಳಿ ಬರುವವರಲ್ಲ.

ಪೆರ್ಲದ ಕಡೆಯ ಗುಡ್ಡೆಯೊಂದರ ಇಳಿಜಾರಿನಲ್ಲಿ ನಮ್ಮ ಮನೆ. ಮೇಲೆ ಮುರಕಲ್ಲಿನ ಬೋಳು ಗುಡ್ಡೆ, ನಡುವೆ ಮನೆ, ಹಟ್ಟಿ ಮತ್ತು ತೆಂಗು, ಕೆಳಗೆ ತೋಡಿನ ಬದಿಯಲ್ಲಿ ಅಡಿಕೆ ತೋಟ. ಗುಡ್ಡೆಯ ಮಗ್ಗುಲಿಗೆ ಅಡ್ಡವಾಗಿ ಕೊರೆದ ಹಳೆಯ ಸುರಂಗದ ನೀರು ಇಂದಿಗೂ ನಮ್ಮ ಟಾಂಕಿಗೆ ತಾನಾಗಿ ಹರಿದು ಬರುತ್ತದೆ. ಕಾಸರಗೋಡಿನ ಉತ್ತರ ಭಾಗದ ಯಾವ ಮನೆಯ ಚಿತ್ರವೂ ಹೆಚ್ಚುಕಡಿಮೆ ಹೀಗೆಯೇ ಇರುವುದರಿಂದ ಹೆಚ್ಚಿನ ವಿವರಣೆ ಬೇಕಿಲ್ಲ. ಇಂತಹ ಮನೆಯನ್ನು ನಡೆಸುವುದೆಂದರೆ ದಿನಾಲೂ ಯಾವ ಉಪಾಯವನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದೇ ಆಗಿದೆ.

ಈ ವಿಷಯದಲ್ಲಿ ನಮ್ಮ ಅಮ್ಮನದು ಒಂದೇ ಮಾತು. ಯಾರು ಏನೇ ಹೇಳಲಿ, ಆಕೆ ಒಪ್ಪುತ್ತಲೂ ಇರಲಿಲ್ಲ, ತಳ್ಳಿಹಾಕುತ್ತಲೂ ಇರಲಿಲ್ಲ. “ಒಂದು ಬುಡಕ್ಕೆ ಮಾಡಿ ನೋಡಿ. ಪಕ್ಕದ ಬುಡವನ್ನು ಮುಟ್ಟಬೇಡಿ” ಎನ್ನುತ್ತಿದ್ದಳು. ನಾವು ಎಳೆಯರಾಗಿದ್ದಾಗ ಇದು ಹಿರಿಯರ ಜಿಪುಣತನವೆಂದೇ ತಿಳಿದಿದ್ದೆವು. ಒಳ್ಳೆಯದಾದರೆ ಎಲ್ಲ ಬುಡಗಳಿಗೂ ಒಳ್ಳೆಯದಾಗಲಿ, ಒಂದಕ್ಕೇ ಏಕೆ? ಈ ಪ್ರಶ್ನೆಗೆ ಉತ್ತರ ಸಿಗಲು ನಮಗೆ ಒಂದು ಫಸಲನ್ನು ಕಳೆದುಕೊಳ್ಳಬೇಕಾಯಿತು. ಆ ಕಥೆಯನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ಸಣ್ಣಪುಟ್ಟ ಲೆಕ್ಕಗಳು.

ಮೊಟ್ಟೆಯ ಸಿಪ್ಪೆಯ ಉಪಾಯವನ್ನೇ ನೋಡೋಣ. ಅದರಲ್ಲಿ ಸುಣ್ಣದ ಅಂಶವಿರುವುದು ನಿಜ. ನಮ್ಮ ಮಣ್ಣಿಗೆ ಸುಣ್ಣ ಬೇಕಾಗಿರುವುದೂ ನಿಜ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಈ ನೆಲದಲ್ಲಿ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಹಾಗಾಗಿ ತೆಂಗಿನ ಬುಡವೊಂದಕ್ಕೆ ವರ್ಷಕ್ಕೆ ಒಂದು ಕಿಲೋದಷ್ಟು ಸುಣ್ಣ ಹಾಕುವುದು ರೂಢಿ. ಒಂದು ಮೊಟ್ಟೆಯ ಸಿಪ್ಪೆ ತೂಗಿದರೆ ಐದಾರು ಗ್ರಾಂ. ಒಂದು ಬುಡದ ಸುಣ್ಣಕ್ಕೆ ಇನ್ನೂರು ಮೊಟ್ಟೆಗಳ ಸಿಪ್ಪೆ ಬೇಕು. ಅದನ್ನೂ ನುಣ್ಣಗೆ ಪುಡಿ ಮಾಡದಿದ್ದರೆ ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಕುಂಡದಲ್ಲಿರುವ ಒಂದು ಗಿಡಕ್ಕಾದರೆ ಆಗಬಹುದು. ತೋಟಕ್ಕೆ ಇದು ಸಮುದ್ರಕ್ಕೆ ಸುರಿದ ಚೊಂಬು ನೀರು. ಉಪಾಯ ಸುಳ್ಳಲ್ಲ, ಅದರ ಅಳತೆ ಸಾಲದು. ಕೈಯಲ್ಲಿ ತಕ್ಕಡಿ ಹಿಡಿದರೆ ಅರ್ಧದಷ್ಟು ಉಪಾಯಗಳು ಅಲ್ಲಿಯೇ ಸೋಸಿಹೋಗುತ್ತವೆ.

ಉಪ್ಪಿನ ಕಥೆ ಬೇರೆ. ತೆಂಗು ಕಡಲ ಕರೆಯ ಮರ, ಅದಕ್ಕೆ ಉಪ್ಪು ಒಗ್ಗುತ್ತದೆ. ಮುರಕಲ್ಲಿನ ನೆಲದಲ್ಲಿ ಸಸಿ ನೆಡುವುದಕ್ಕೆ ತಿಂಗಳುಗಳ ಮುಂಚೆ ಗುಂಡಿಗೆ ಎರಡು ಕಿಲೋ ಉಪ್ಪು ಹಾಕಿದರೆ ಕಲ್ಲು ಮೆತ್ತಗಾಗುತ್ತದೆಂದು ನಮ್ಮ ಹಿರಿಯರೂ ಹೇಳಿದ್ದಾರೆ, ಕೃಷಿ ವಿಜ್ಞಾನಿಗಳೂ ಹೇಳಿದ್ದಾರೆ. ಅದು ಫಲಿಸಿದ ಹುಮ್ಮಸ್ಸಿನಲ್ಲಿ, ಅಂಗಳದ ಕರೆಯ ಹುಲ್ಲನ್ನು ಸಾಯಿಸಲು ಉಪ್ಪೇ ಸಾಕೆಂದು ಯಾರೋ ಹೇಳಿದ್ದನ್ನು ನಂಬಿ ನಾವು ಅರ್ಧ ಗೋಣಿ ಸುರಿದೆವು. ಹುಲ್ಲು ಸತ್ತಿತು. ಮೊದಲ ಮಳೆಗೆ ಆ ಉಪ್ಪು ಇಳಿಜಾರು ಹಿಡಿದು ಅಮ್ಮನ ಮಲ್ಲಿಗೆಯ ಬುಡಕ್ಕೆ ಹೋಯಿತು. ಹುಲ್ಲು ಮರುವರ್ಷ ಬಂದಿತು, ಮಲ್ಲಿಗೆ ಬರಲಿಲ್ಲ. ಒಂದು ಗಿಡಕ್ಕೆ ಅಮೃತವಾದದ್ದು ಪಕ್ಕದ ಗಿಡಕ್ಕೆ ವಿಷವಾಗಬಹುದೆಂಬುದನ್ನು ನಾವು ಕಲಿತದ್ದು ಹಾಗೆ.

ತುಳಸಿಯದೂ ಇಂತಹುದೇ ಸೂಕ್ಷ್ಮ. ತೆಂಗಿನ ಗೆರಟೆಯಲ್ಲಿ ತುಳಸಿಯನ್ನು ಜಜ್ಜಿ ನೀರು ಸೇರಿಸಿ ತೂಗುಹಾಕಿದರೆ ಹಣ್ಣುನೊಣಗಳು ಬಂದು ಬೀಳುತ್ತವೆಂಬ ಉಪಾಯ. ಮಾವಿನ ಮರದಡಿ ತೂಗುಹಾಕಿದಾಗ ಗೆರಟೆಯ ಸುತ್ತ ನೊಣಗಳ ಜಾತ್ರೆ ನೆರೆಯಿತು. ಅದೇ ಗೆರಟೆಯನ್ನು ಹಾಗಲದ ಚಪ್ಪರಕ್ಕೆ ಕಟ್ಟಿದಾಗ ಯಾರೂ ತಿರುಗಿ ನೋಡಲಿಲ್ಲ. ಕಾರಣ ವಿಚಾರಿಸಿದಾಗ ತಿಳಿಯಿತು: ತುಳಸಿಯಲ್ಲಿರುವ ಮಿಥೈಲ್ ಯೂಜೆನಾಲ್ ಎಂಬ ಪರಿಮಳಕ್ಕೆ ಮರುಳಾಗುವುದು ಮಾವಿನ ನೊಣದ ಗಂಡು, ಹಾಗಲ, ಸೌತೆಗಳ ನೊಣ ಬೇರೆ ಜಾತಿಯದು, ಅದನ್ನು ಸೆಳೆಯುವ ವಾಸನೆಯೂ ಬೇರೆ. ಎರಡೂ ನಮ್ಮ ಕಣ್ಣಿಗೆ ಬರಿಯ ನೊಣ. ಉಪಾಯ ಹೇಳಿದವರೂ ಸುಳ್ಳಾಡಿರಲಿಲ್ಲ; ಅವರು ನೋಡಿದ್ದು ಮಾವಿನ ಮರವನ್ನು.

ಹಾಸ್ಯಾಸ್ಪದವೆಂದು ನಾವು ನಕ್ಕು ಬಿಟ್ಟದ್ದೊಂದು ನಿಜವಾದದ್ದೂ ಉಂಟು. ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿಗೆ ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆ ಮದ್ದೆಂದು ನೆರೆಮನೆಯವರು ಹೇಳಿದಾಗ, ಇನ್ನು ತೆಂಗಿಗೆ ಸೀರೆಯನ್ನೂ ಉಡಿಸಬೇಕೇ ಎಂದು ಕೇಳಿದ್ದೆವು. ಆಮೇಲೆ ನೋಡಿದರೆ ಕಾಸರಗೋಡಿನ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆಯೇ ಅದನ್ನು ಹೇಳುತ್ತದೆ. ಎಳೆಯ ಸಸಿಗಳ ಸುಳಿಯ ಸುತ್ತಲಿನ ಗರಿಗಳ ಸಂದಿಯಲ್ಲಿ ಮೂರು ನಾಲ್ಕು ಗುಳಿಗೆಗಳನ್ನಿಟ್ಟು ಮರಳು ಮುಚ್ಚಬೇಕು, ಒಂದೂವರೆ ತಿಂಗಳಿಗೊಮ್ಮೆ ಹೊಸದು ಇಡಬೇಕು. 1916ರಲ್ಲಿ ಮದರಾಸು ಸರಕಾರದ ಕಾಲದಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, 1970ರಲ್ಲಿ ಈಗಿನ ಹೆಸರನ್ನು ಪಡೆದ ಈ ಸಂಸ್ಥೆ ನಮ್ಮ ಊರಿನಲ್ಲೇ ಇದ್ದರೂ, ಅದರ ಬಾಗಿಲಿಗೆ ಹೋಗಿ ಕೇಳುವ ಬದಲು ಎಲ್ಲಿಯೋ ಇರುವವರ ಮಾತನ್ನು ಮೊಬೈಲಿನಲ್ಲಿ ಕೇಳುವುದು ನಮ್ಮ ಕಾಲದ ವಿಚಿತ್ರ. ವಿಚಿತ್ರವಾಗಿ ಕೇಳಿಸುವುದೆಲ್ಲ ಸುಳ್ಳಲ್ಲ; ಸರಾಗವಾಗಿ ಕೇಳಿಸುವುದೆಲ್ಲ ನಿಜವೂ ಅಲ್ಲ.

ಇನ್ನು ಆ ಫಸಲಿನ ಕಥೆ.

ಅಪ್ಪ ತೀರಿಕೊಂಡ ಬಳಿಕ ತೋಟ ನಮ್ಮ ಕೈಗೆ ಬಂದ ಮೊದಲ ಮಳೆಗಾಲ ಅದು. ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು, ನಮ್ಮ ಮಾತಿನಲ್ಲಿ ಮದ್ದು ಬಿಡುವುದು, ಪ್ರತಿಯೊಬ್ಬ ಅಡಿಕೆ ಬೆಳೆಗಾರನಿಗೂ ಗೊತ್ತಿರುವ ಕೆಲಸ. ಒಂದು ಕಿಲೋ ಮೈಲುತುತ್ತನ್ನು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೈವತ್ತು ಲೀಟರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ ಕೂಡಿಸಬೇಕು. ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನಗಳ ಅನಂತರ ಇನ್ನೊಮ್ಮೆ ಗೊನೆಗಳಿಗೆ ಬಿಡಬೇಕು. ಅಪ್ಪನ ಕಾಲದಿಂದಲೂ ನಮ್ಮಲ್ಲಿಗೆ ಬರುತ್ತಿದ್ದ, ಮರವೇರಿ ಮದ್ದು ಬಿಡುವ ಹಿರಿಯರೊಬ್ಬರಿದ್ದರು. ದ್ರಾವಣ ಸಿದ್ಧವಾದಾಗಲೆಲ್ಲ ಅವರು ಸೊಂಟದ ಕತ್ತಿಯನ್ನು ತೆಗೆದು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಹಿಡಿದು, ಬೆಳಕಿಗೆ ಎತ್ತಿ ನೋಡಿ, ಆಮೇಲೆ ಮರವೇರುತ್ತಿದ್ದರು. ಅದೊಂದು ಆಚರಣೆ, ಆಯುಧಕ್ಕೆ ಸಲ್ಲಿಸುವ ಮರ್ಯಾದೆ ಎಂದು ನಾವು ತಿಳಿದಿದ್ದೆವು.

ಆ ವರ್ಷ ಮಳೆ ಬಾಗಿಲಿಗೆ ಬಂದಿತ್ತು, ನಮಗೆ ಅವಸರವಿತ್ತು. ಹಿಂದಿನ ವರ್ಷ ಉಳಿದ ಸುಣ್ಣದ ಪುಡಿ ಕೊಟ್ಟಿಗೆಯಲ್ಲಿ ಬಾಯಿ ತೆರೆದ ಚೀಲದಲ್ಲಿತ್ತು. ಹೊಸದು ತರುವುದೇಕೆ, ಇದ್ದುದನ್ನು ಹಾಳು ಮಾಡಬಾರದೆಂಬ ಮನೆವಾರ್ತೆಯ ಜಾಣತನ ನಮ್ಮದು. ತೂಕ ಸರಿಯಾಗಿಯೇ ಹಾಕಿದೆವು. ಆ ಹಿರಿಯರು ತುಳುವಿನಲ್ಲಿ, ಕತ್ತಿ ಅದ್ದಿ ನೋಡುವುದು ಬೇಡವೇ ಎಂದು ಕೇಳಿದರು. “ಅದೆಲ್ಲ ಹಳೆಯ ಕ್ರಮ. ಅಳತೆ ಸರಿಯಾಗಿದೆ, ಹತ್ತಿ” ಎಂದೆವು. ಅವರು ಮರುಮಾತಾಡದೆ ಹತ್ತಿದರು.

ಒಂದು ವಾರ ಕಳೆಯುವಷ್ಟರಲ್ಲಿ ಎಳೆಯ ಕಾಯಿಗಳ ಮೇಲೆ ಸುಟ್ಟ ಕಲೆಗಳು ಕಂಡವು. ಆಮೇಲೆ ಕಾಯಿಗಳು ಉದುರತೊಡಗಿದವು. ಸುಟ್ಟ ಗೊನೆಗಳಿಗೆ ಮಳೆಯೊಂದಿಗೆ ಕೊಳೆಯೂ ಹಿಡಿಯಿತು. ಆ ವರ್ಷದ ಫಸಲಿನಲ್ಲಿ ಮೂರನೆಯ ಒಂದು ಪಾಲು ಹೋಯಿತು. ಪಂಪಿಗಾಗಿ ತೆಗೆದ ಸಾಲದ ಕಂತು ತಪ್ಪಿತು. ಇದಕ್ಕಿಂತ ಹೇಳಲು ಕಷ್ಟವಾದ ಮಾತೊಂದಿದೆ: ನಾವು ಆ ಹಿರಿಯರನ್ನು ದೂರಿದೆವು. ಒಂದೇ ಗೊನೆಗೆ ಹೆಚ್ಚು ಬಿಟ್ಟಿರಬೇಕು, ಗಮನವಿರಲಿಲ್ಲವೇನೋ ಎಂದು ಬೇರೆ ಕೆಲಸದವರ ಎದುರಿನಲ್ಲೇ ಅಂದೆವು. ಅವರು ಏನೂ ಹೇಳಲಿಲ್ಲ. ಉಳಿದಿದ್ದ ಮೈಲುತುತ್ತು ಮತ್ತು ಅದೇ ಸುಣ್ಣವನ್ನು ಒಂದು ಬಾಲ್ದಿಯಲ್ಲಿ ನಾವು ಹಾಕಿದ ಅಳತೆಯಲ್ಲೇ ಕಲಸಿ, ಕತ್ತಿಯನ್ನು ಅದ್ದಿ, ಹೊರತೆಗೆದು ಜಗಲಿಯ ಮೇಲಿಟ್ಟು ಹೋದರು. ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದಿತ್ತು.

ಅದರ ಅರ್ಥ ಈಗ ನಮಗೆ ಗೊತ್ತು. ಗಾಳಿಗೆ ತೆರೆದಿಟ್ಟ ಸುಣ್ಣ ತನ್ನ ಸತ್ತ್ವವನ್ನು ಕಳೆದುಕೊಳ್ಳುತ್ತದೆ. ತೂಕ ಇರುತ್ತದೆ, ಕಸುವು ಇರುವುದಿಲ್ಲ. ಸುಣ್ಣ ಸಾಲದೆ ಹೋದರೆ ತಾಮ್ರ ದ್ರಾವಣದಲ್ಲಿ ಬಿಡಿಯಾಗಿ ಉಳಿದು ಎಳೆಯ ಕಾಯಿಯನ್ನು ಸುಡುತ್ತದೆ. ಕಬ್ಬಿಣವನ್ನು ಅದ್ದಿದಾಗ ಆ ಬಿಡಿ ತಾಮ್ರ ಬಂದು ಅಲಗಿಗೆ ಅಂಟುತ್ತದೆ. ಕೆಂಪು ಕಂಡರೆ ಇನ್ನಷ್ಟು ಸುಣ್ಣ ಬೇಕು, ಕಾಣದಿದ್ದರೆ ಮರವೇರಬಹುದು. ನಾವು ಆಚರಣೆಯೆಂದು ತಿಳಿದದ್ದು ಪರೀಕ್ಷೆಯಾಗಿತ್ತು. ಅಳತೆ, ತೂಕ, ವಿಜ್ಞಾನವೆಂದು ಬೀಗಿದ ನಾವು ನೋಡದೆ ನಂಬಿದ್ದೆವು. ಶಾಲೆಗೆ ಹೋಗದ ಆ ಹಿರಿಯರು ನೋಡದೆ ನಂಬುತ್ತಿರಲಿಲ್ಲ.

ಮರುವರ್ಷ ಅವರು ತಾವಾಗಿ ಬರಲಿಲ್ಲ. ಅಮ್ಮ ನಮ್ಮೊಡನೆ ಹೊರಟಳು. ಅವರ ಮನೆಯಂಗಳದಲ್ಲಿ ನಿಂತು ತಪ್ಪು ನಮ್ಮದೆಂದು ಹೇಳಿದೆವು. ಅವರು ಎಲೆಯಡಿಕೆ ಮೆಲ್ಲುತ್ತ ಬಹಳ ಹೊತ್ತು ಸುಮ್ಮನಿದ್ದು, “ಸುಣ್ಣ ಹೊಸದು ತಂದಿದ್ದೀರಾ?” ಎಂದಷ್ಟೇ ಕೇಳಿದರು. ದಾರಿಯಲ್ಲಿ ಅಮ್ಮ, “ಒಂದು ಮರಕ್ಕೆ ಬಿಟ್ಟು ನಾಲ್ಕು ದಿನ ಕಾದಿದ್ದರೆ ಒಂದು ಗೊನೆ ಹೋಗುತ್ತಿತ್ತು” ಎಂದಳು. ಆ ವಿಷಯದಲ್ಲಿ ಆಕೆ ಆಡಿದ್ದು ಅದೊಂದೇ ಮಾತು.

ಬೋರ್ಡೋ ದ್ರಾವಣದ ಹುಟ್ಟಿನ ಕಥೆಯನ್ನು ಓದಿದ್ದು ಆ ಬಳಿಕ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ದಾರಿಬದಿಯ ಸಾಲುಗಳಿಗೆ ಮೈಲುತುತ್ತು ಮತ್ತು ಸುಣ್ಣವನ್ನು ಬಳಿಯುತ್ತಿದ್ದರಂತೆ. ನೀಲಿ ಹಿಡಿದ ಹಣ್ಣನ್ನು ಕಂಡರೆ ಯಾರಿಗೂ ತಿನ್ನುವ ಮನಸ್ಸಾಗದು. 1882ರಲ್ಲಿ ಬೂಜುರೋಗ ಬಂದು ತೋಟಗಳ ಎಲೆಗಳೆಲ್ಲ ಉದುರಿದಾಗ ಆ ದಾರಿಬದಿಯ ಸಾಲುಗಳು ಮಾತ್ರ ಹಸುರಾಗಿದ್ದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿದರು. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಲೋಕಕ್ಕೆ ತಿಳಿಸಿದರು. ಅಲ್ಲಿಂದ ಅದು ನಮ್ಮ ಕಡೆಗೂ ಬಂದಿತು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ಅದರ ಬಗ್ಗೆ ಬರೆದರು. ಕಳ್ಳರಿಗಾಗಿ ಮಾಡಿದ ಉಪಾಯ ರೋಗಕ್ಕೆ ಮದ್ದಾಯಿತೆಂಬ ಸ್ವಾರಸ್ಯ ಒಂದು ಕಡೆ ಇರಲಿ. ನಮ್ಮ ಮನಸ್ಸಿನಲ್ಲಿ ನಿಂತದ್ದು ಬೇರೆ. ಬಳಿದ ಸಾಲಿನ ಪಕ್ಕದಲ್ಲೇ ಬಳಿಯದ ಸಾಲೂ ಇದ್ದುದರಿಂದ ಆ ಪ್ರಾಧ್ಯಾಪಕರ ಕಣ್ಣಿಗೆ ಸತ್ಯ ಬಿತ್ತು. ಎಲ್ಲ ಸಾಲುಗಳಿಗೂ ಬಳಿದಿದ್ದರೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಪಕ್ಕದ ಬುಡವನ್ನು ಮುಟ್ಟಬೇಡಿ ಎಂದ ಅಮ್ಮನ ಮಾತು ಜಿಪುಣತನವಲ್ಲವೆಂದು ನಮಗೆ ಅಂದು ಅರಿವಾಯಿತು.

ಈಗ ನಮ್ಮ ಮನೆಗೆ ಯಾವ ಉಪಾಯ ಬಂದರೂ ನಾವು ನಾಲ್ಕು ಪ್ರಶ್ನೆ ಕೇಳುತ್ತೇವೆ. ಇದು ಯಾವ ಮಣ್ಣಿನಲ್ಲಿ, ಯಾವ ಮಳೆಯಲ್ಲಿ ಹುಟ್ಟಿದ್ದು? ಎಷ್ಟು ಬೇಕು, ಎಷ್ಟು ಖರ್ಚು? ತಪ್ಪಿದರೆ ಮರಳಿ ಸರಿಪಡಿಸಬಹುದೇ? ತಪ್ಪಿದಾಗ ಬೆಲೆ ತೆರುವವರು ಯಾರು? ಮೊದಲ ಎರಡು ಪ್ರಶ್ನೆಗಳು ಮನೆವಾರ್ತೆಯವು. ಕೊನೆಯ ಎರಡು ಹಾಗಲ್ಲ.

ಇಂಗುಗುಂಡಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮಳೆನೀರನ್ನು ನೆಲಕ್ಕೆ ಇಂಗಿಸುವುದು ಪುಣ್ಯದ ಕೆಲಸ. ಇಷ್ಟೊಂದು ಮಳೆ ಸುರಿದರೂ ಎಪ್ರಿಲಿನಲ್ಲಿ ನೀರಿಗೆ ಬಾಯಿಬಿಡುವ ನಮ್ಮ ಜಿಲ್ಲೆಗೆ ಅದು ಬೇಕೇ ಬೇಕು. ಸಮತಟ್ಟಾದ ಹಿತ್ತಿಲಿನಲ್ಲಿ ನಾವೂ ಮಾಡಿದ್ದೇವೆ, ಬಾವಿಯ ನೀರು ಹೆಚ್ಚು ದಿನ ನಿಲ್ಲುವುದನ್ನು ಕಂಡಿದ್ದೇವೆ. ಆದರೆ ಅದೇ ಗುಂಡಿಗಳನ್ನು ಮನೆಯ ಮೇಲಿನ ಕಡಿದಾದ ಇಳಿಜಾರಿನಲ್ಲಿ ತೋಡೋಣವೆಂದು ಮಗ ಹೇಳಿದಾಗ ನಾವು ಬೇಡವೆಂದೆವು. ಮೇಲೆ ಮುರಕಲ್ಲು, ಅದರಡಿ ಮೆದುವಾದ ಶೇಡಿಮಣ್ಣು. ಅಲ್ಲಿ ನೀರು ನಿಂತು ಒಳಗಿಳಿದರೆ ಮಣ್ಣು ಸಡಿಲಗೊಂಡು ಗುಡ್ಡೆಯೇ ಜಾರಬಹುದು. ಹಾಗಲ ಕೆಟ್ಟರೆ ಮರುವರ್ಷ ಬಿತ್ತಬಹುದು. ಗುಡ್ಡೆ ಜಾರಿದರೆ ಅದನ್ನು ಮೇಲಕ್ಕೆ ಹೊತ್ತು ಹಾಕುವವರಿಲ್ಲ. ಜಾರಿದ ಮಣ್ಣು ಬೀಳುವುದು ಕೆಳಗಿನ ಮನೆಯವರ ಮಾಡಿನ ಮೇಲೆ, ಅವರನ್ನು ನಾವು ಕೇಳಿರುವುದಿಲ್ಲ.

ಕಾಸರಗೋಡಿನಲ್ಲಿ ಕುಳಿತು ಇದನ್ನು ಬರೆಯುವಾಗ ಎಂಡೋಸಲ್ಫಾನಿನ ನೆನಪು ಬಾರದಿರುವುದಿಲ್ಲ. ಅದೂ ಒಂದು ಕಾಲಕ್ಕೆ ಒಳ್ಳೆಯ ಉಪಾಯವೆಂದೇ ಬಂದದ್ದು. ಗೇರು ತೋಟಗಳನ್ನು ಕಾಡುತ್ತಿದ್ದ ಟೀ ಸೊಳ್ಳೆಗೆ ಪರಿಹಾರ, ಆಳುಗಳ ಖರ್ಚಿಲ್ಲ, ಹೆಲಿಕಾಪ್ಟರಿನಿಂದ ಚಿಮುಕಿಸಿದರೆ ಒಂದೇ ದಿನದಲ್ಲಿ ಗುಡ್ಡೆಗಳೆಲ್ಲ ಮುಗಿಯುತ್ತವೆ. 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷವರ್ಷವೂ ಅದು ಆಕಾಶದಿಂದ ಇಳಿಯಿತು. ಗುಡ್ಡೆಯ ಮೇಲೆ ಬಿದ್ದದ್ದು ಗುಡ್ಡೆಯಲ್ಲೇ ನಿಲ್ಲುತ್ತದೆಯೇ? ಎಣ್ಮಕಜೆಯ ಪಡ್ರೆಯಂತಹ ಊರುಗಳಲ್ಲಿ ಸುರಂಗ, ತೋಡು, ಬಾವಿಗಳೆಲ್ಲ ಆ ಗುಡ್ಡೆಗಳ ಬುಡದಲ್ಲೇ ಇದ್ದವು. ಹುಟ್ಟಿದ ಮಕ್ಕಳಿಗೆ ಏನಾಯಿತೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಅಂತಹ ಮನೆಯೊಂದರ ಅಂಗಳವನ್ನು ನಮ್ಮಲ್ಲಿ ಬಹುಮಂದಿ ಹೊಕ್ಕು ಬಂದಿದ್ದೇವೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. ಆ ಉಪಾಯದಲ್ಲಿ ಮುಟ್ಟದೆ ಬಿಟ್ಟ ಪಕ್ಕದ ಬುಡ ಇರಲಿಲ್ಲ. ಮರಳಿ ಸರಿಪಡಿಸುವ ದಾರಿ ಇರಲಿಲ್ಲ. ತೀರ್ಮಾನಿಸಿದವರು ಒಂದೆಡೆ, ಬೆಲೆ ತೆತ್ತವರು ಇನ್ನೊಂದೆಡೆ. ಅಂಗಳದ ಉಪ್ಪಿಗೂ ಆಕಾಶದ ವಿಷಕ್ಕೂ ಹೋಲಿಕೆಯೇ ಎಂದು ಕೇಳುವವರಿರಬಹುದು. ಪ್ರಮಾಣದಲ್ಲಿ ಹೋಲಿಕೆಯಿಲ್ಲ. ಕೇಳಬೇಕಾಗಿದ್ದ ಪ್ರಶ್ನೆಗಳು ಮಾತ್ರ ಅವೇ.

ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಸುಣ್ಣ ಮೈಲುತುತ್ತಿನ ಮಾತೇಕೆ ಎಂದು ಯಾರಾದರೂ ಹುಬ್ಬೇರಿಸಿದರೆ ನಮ್ಮ ಉತ್ತರ ಇಷ್ಟು. ಈ ಮಣ್ಣಿನ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟರು. ಅವರಿಗೆ ತೋಟ ಬೇರೆ, ಬರೆವಣಿಗೆ ಬೇರೆ ಆಗಿರಲಿಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಟ್ಟಿತು. ಬೆಳೆದವನೇ ಬರೆಯಲಿ, ಮಾಡಿ ನೋಡಿದವನೇ ಹೇಳಲಿ ಎಂಬ ಆ ನಿಲುವನ್ನು ಮೆಚ್ಚಿದವರು ನಾವೆಲ್ಲ. 1956ರ ನವೆಂಬರ್ 1ರ ಬಳಿಕ ನಮ್ಮ ಮನೆಗಳಿಗೆ ಬರುವ ಸರಕಾರದ ಕಾಗದಗಳ ಭಾಷೆ ಬದಲಾಯಿತು. ಮಕ್ಕಳಿಗೆ ಮೈಲುತುತ್ತು, ಕುರುವಾಯಿ, ಶೇಡಿಮಣ್ಣು ಎಂಬ ಮಾತುಗಳು ಶಾಲೆಯಲ್ಲಿ ಸಿಗುವುದಿಲ್ಲ. ಮನೆಯಲ್ಲಿ ಆಡದಿದ್ದರೆ, ಬರೆದಿಡದಿದ್ದರೆ ಆ ಮಾತುಗಳು ಹೋಗುತ್ತವೆ. ಮಾತಿನೊಡನೆ ಕತ್ತಿ ಅದ್ದಿ ನೋಡುವ ಬುದ್ಧಿಯೂ ಹೋಗುತ್ತದೆ.

ಆದುದರಿಂದ ನಾವೊಂದು ಪುಸ್ತಕ ಇಟ್ಟಿದ್ದೇವೆ. ಉಪಾಯ, ಮಾಡಿದ ದಿನ, ಯಾವ ಬುಡಕ್ಕೆ, ಏನಾಯಿತು ಎಂಬ ನಾಲ್ಕು ಗೆರೆಗಳು, ಕನ್ನಡದಲ್ಲಿ. ಫಲಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ನಾವು ಫಲಿಸದ್ದನ್ನೂ ಬರೆಯುತ್ತೇವೆ. ಪುಸ್ತಕದ ಮೊದಲ ಪುಟದಲ್ಲಿ ಆ ಹಳೆಯ ಸುಣ್ಣದ ಚೀಲದ ಕಥೆಯಿದೆ, ಯಾರನ್ನು ತಪ್ಪಾಗಿ ದೂರಿದೆವೆಂಬುದೂ ಇದೆ. ನಮ್ಮ ಸಂಘದ ಬಂಧುಗಳ ಮನೆಗಳಲ್ಲೂ ಇಂತಹದೊಂದು ಪುಸ್ತಕವಿದ್ದು, ವರ್ಷಕ್ಕೊಮ್ಮೆ ಸೇರಿದಾಗ ನಾಲ್ಕು ಪುಟ ಓದಿಕೊಂಡರೆ, ಅದು ನಮ್ಮ ಮಕ್ಕಳಿಗೆ ಕೊಡಬಹುದಾದ ಒಳ್ಳೆಯ ಆಸ್ತಿಯಾದೀತು.

ಅಮ್ಮನಿಗೆ ಈಗ ವಯಸ್ಸಾಗಿದೆ, ತೋಟಕ್ಕೆ ಇಳಿಯಲಾರಳು. ಮೊನ್ನೆ ಮೊಮ್ಮಗಳು ಮೊಬೈಲು ಹಿಡಿದು ಬಂದು, ಬಸಳೆಗೆ ಹುಳಿಮಜ್ಜಿಗೆ ಸುರಿದರೆ ಎಲೆ ದಪ್ಪವಾಗುತ್ತದಂತೆ ಎಂದಳು. ಅಮ್ಮ ಚಪ್ಪರದ ಕಡೆಗೆ ನೋಡಿ, ಏನು ಹೇಳಬಹುದೆಂದು ನಾವು ಕಾಯುತ್ತಿರುವಾಗಲೇ, ಹುಡುಗಿಯೇ ಒಂದು ಬುಡಕ್ಕೆ ಕೆಂಪು ನೂಲು ಕಟ್ಟಿ, “ಇದಕ್ಕೆ ಮಾತ್ರ ಅಜ್ಜಿ, ಪಕ್ಕದ್ದಕ್ಕೆ ಇಲ್ಲ” ಎಂದಳು. ಫಲಿತಾಂಶ ಇನ್ನೂ ಬಂದಿಲ್ಲ. ಬಂದ ಮೇಲೆ ಪುಸ್ತಕದಲ್ಲಿ ಬರೆಯುತ್ತೇವೆ.